ಹೇಡ್ರಿಯನ್ ಗೋಡೆ: ಮುಂದಿನ ಗುಂಡಿ ಎಲ್ಲಿ ತೋಡಬೇಕು, ಎಲ್ಲಿ ಕೈಯೇ ಹಾಕಬಾರದು?

ಟೈನ್ ದಂಡೆಯವನು

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಹೊಟ್ಟೆಪಾಡು ಕಂಪ್ಯೂಟರ್ ಮುಂದೆ. ಎರಡು ಬೇಸಿಗೆಯಿಂದ ರಜೆ ಹಾಕಿ, ಹೇಡ್ರಿಯನ್ ಗೋಡೆಯ ಹತ್ತಿರದ ಒಂದು ಉತ್ಖನನಕ್ಕೆ ಸ್ವಯಂಸೇವಕನಾಗಿ ಹೋಗುತ್ತಿದ್ದೇನೆ. ಮಂಡಿಯ ಕೆಳಗೆ ಒಂದು ಸ್ಪಂಜಿನ ಚಾಪೆ, ಕೈಯಲ್ಲಿ ಕರಣೆ, ಪಕ್ಕದಲ್ಲಿ ಬಕೆಟ್ಟು, ಮೇಲೆ ಮಳೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿ.ಶ. 122ರಲ್ಲಿ ರೋಮ್ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್‌ಗೆ ಬಂದ. ಗೋಡೆಯ ಕೆಲಸ ಆ ಸುಮಾರಿಗೆ ಶುರುವಾಯಿತು. ಪೂರ್ವಕ್ಕೆ ಟೈನ್ ನದಿಯ ದಡದ ವಾಲ್ಸೆಂಡ್, ಪಶ್ಚಿಮಕ್ಕೆ ಸಾಲ್ವೆ ಖಾರಿಯ ಬೌನೆಸ್. ನಡುವೆ 80 ರೋಮನ್ ಮೈಲಿ, ಅಂದರೆ ಸುಮಾರು 117 ಕಿ.ಮೀ. ಮೈಲಿಗೊಂದು ಪುಟ್ಟ ಕೋಟೆ, ಅದಕ್ಕೆ ಮೈಲ್‌ಕ್ಯಾಸಲ್ ಅನ್ನುತ್ತಾರೆ. ಎರಡು ಮೈಲ್‌ಕ್ಯಾಸಲ್ ನಡುವೆ ಎರಡು ಕಾವಲು ಗೋಪುರ. ಅಲ್ಲಲ್ಲಿ ಐನೂರು, ಸಾವಿರ ಸೈನಿಕರ ದೊಡ್ಡ ಕೋಟೆಗಳು. ಉತ್ತರಕ್ಕೆ ಕಂದಕ. ದಕ್ಷಿಣಕ್ಕೂ ಇನ್ನೊಂದು ದೊಡ್ಡ ಕಂದಕ, ಎರಡು ಬದಿಗೂ ಮಣ್ಣಿನ ದಿಬ್ಬ. ಅದರ ಹೆಸರು ವ್ಯಾಲಮ್.

ನನ್ನ ತಲೆಕೆಡಿಸಿರುವುದು ಇದು. ಇಷ್ಟುದ್ದದ ಗೋಡೆ. 1987ರಿಂದ ವಿಶ್ವ ಪರಂಪರೆಯ ತಾಣ. ಕೆಲಸ ಮಾಡಲು ನಮ್ಮಂಥವರು ಸಾಲುಗಟ್ಟಿ ನಿಂತಿದ್ದೇವೆ. ಆದರೂ ನಮ್ಮ ಗುಂಡಿ ಎರಡು ಮಂಚ ಹಾಕುವಷ್ಟು ಅಗಲ, ಅಷ್ಟೇ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಕಾಗದಪತ್ರ. ಎಲ್ಲಿ ತೋಡಬೇಕು ಅಂತ ಇವರು ಯಾವ ಲೆಕ್ಕದಲ್ಲಿ ಆರಿಸುತ್ತಾರೆ? ತಿಳಿದವರು ಹೇಳಿ.

ಕೋಟೆನಾಡಿನ ಹುಡುಗ

ಅಣ್ಣಾ, ನನ್ನದು ಅದಕ್ಕಿಂತ ದಡ್ಡ ಪ್ರಶ್ನೆ. ಕಟ್ಟಿಸಿದವನ ಹೆಸರು ಗೊತ್ತು, ವರ್ಷ ಗೊತ್ತು, ಉದ್ದ ಗೊತ್ತು. ಕಲ್ಲು ಕಣ್ಣೆದುರಿಗೇ ಇದೆ. ಇನ್ನು ಅಗೆದು ತಿಳಿಯುವುದು ಏನಿದೆ? ಪ್ರವಾಸಿಗಳು ಫೋಟೋ ತೆಗೆದುಕೊಳ್ಳಲು ಇನ್ನೊಂದಿಷ್ಟು ಗೋಡೆ ಬೇಕು ಅಂತಲಾ?

ಮಣ್ಣಿನ ವಾಸನೆ

ದಡ್ಡ ಪ್ರಶ್ನೆ ಅಲ್ಲ ತಮ್ಮಾ. ನಾನು ಹತ್ತು ವರ್ಷದಿಂದ ಇದೇ ಕಸುಬಿನಲ್ಲಿದ್ದೇನೆ, ನನಗೂ ಆಗಾಗ ಹಾಗೇ ಅನ್ನಿಸುತ್ತದೆ.

ಆದರೆ "ಕಟ್ಟಿಸಿದವನ ಹೆಸರು ಗೊತ್ತು" ಅಂದೆಯಲ್ಲ, ಅದೇ ಬಹಳ ಕಾಲ ಗೊತ್ತಿರಲಿಲ್ಲ. ಕಲ್ಲಿನ ಗೋಡೆ ಕಟ್ಟಿಸಿದ್ದು ಸೆವೆರಸ್ ಎಂಬ ಇನ್ನೊಬ್ಬ ಚಕ್ರವರ್ತಿ, ಹೇಡ್ರಿಯನ್ ಮಾಡಿಸಿದ್ದು ಬರೀ ಮಣ್ಣಿನ ಕೆಲಸ ಅಂತ ಪಂಡಿತರೇ ನಂಬಿದ್ದರು. ಕಲ್ಲಿನ ಗೋಡೆಯೂ ಹೇಡ್ರಿಯನ್‌ನದೇ ಅಂತ ಜಾನ್ ಹಾಡ್ಜ್‌ಸನ್ ಎಂಬ ಪಾದ್ರಿ ವಾದ ಮಂಡಿಸಿದ್ದು 1840ರಲ್ಲಿ. ಮೈಲ್‌ಕ್ಯಾಸಲ್ 38ರ ಶಾಸನದಲ್ಲಿ ಹೇಡ್ರಿಯನ್ ಹೆಸರು, ಎರಡನೇ ಲೀಜನ್ ಎಂಬ ರೋಮನ್ ಸೇನಾದಳದ ಹೆಸರು, ಗವರ್ನರ್ ಪ್ಲಟೋರಿಯಸ್ ನೆಪೋಸ್ ಹೆಸರು ಮೂರೂ ಒಟ್ಟಿಗಿವೆ.

ಇನ್ನು ಗೊತ್ತಿಲ್ಲದ್ದು ಕೇಳು. ಗೋಡೆ ಎಷ್ಟು ಎತ್ತರ ಇತ್ತು? ಖಚಿತ ಇಲ್ಲ. ಎಂಟನೇ ಶತಮಾನದಲ್ಲಿ ಬೀಡ್ ಎಂಬ ಸನ್ಯಾಸಿ 12 ಅಡಿ ಅಂತ ಬರೆದ. ಆಗಲೇ ಮೇಲಿನ ಕಲ್ಲು ಬಿದ್ದಿರಬಹುದು. ಇವತ್ತು ಅತಿ ಎತ್ತರ ಉಳಿದಿರುವ ಕಡೆಯೂ ಸುಮಾರು 3 ಮೀಟರ್. ಮೇಲೆ ಸೈನಿಕರು ಓಡಾಡಲು ದಾರಿ ಇತ್ತಾ? ಜಗಳ ಇನ್ನೂ ಮುಗಿದಿಲ್ಲ. ವ್ಯಾಲಮ್ ಯಾಕೆ ತೋಡಿದರು? ಐದು ಜನರನ್ನು ಕೇಳಿದರೆ ಆರು ಉತ್ತರ. ಗೋಡೆಯೇ ಯಾಕೆ ಅನ್ನುವುದಕ್ಕೆ ಹಳೆಯ ಬರಹದಲ್ಲಿ ಇರುವುದು ಒಂದೇ ಒಂದು ವಾಕ್ಯ. ಬಾರ್ಬೇರಿಯನ್ನರನ್ನೂ ರೋಮನ್ನರನ್ನೂ ಬೇರೆ ಮಾಡಲು, ಅಂತ. ಅದನ್ನೂ ಬರೆದದ್ದು ಹೇಡ್ರಿಯನ್ ಸತ್ತು ಬಹಳ ಕಾಲದ ಮೇಲೆ. ಬೇರೆ ಮಾಡುವ ಗೋಡೆಗೆ ಮೈಲಿಗೊಂದು ಬಾಗಿಲು ಯಾಕಿಟ್ಟರು ಅಂತ ಅದರಲ್ಲಿಲ್ಲ.

ನಿವೃತ್ತ ಮೇಷ್ಟ್ರು

ಟೈನ್ ದಂಡೆಯವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಈ ಗೋಡೆಗೆಂದೇ ಒಂದು ಸಂಶೋಧನಾ ಚೌಕಟ್ಟು ಮಾಡಿ 2009ರಲ್ಲಿ ಎರಡು ಸಂಪುಟದಲ್ಲಿ ಹೊರತಂದರು. ಓದಲು ರಸವತ್ತಾಗಿಲ್ಲ, ನಿಜ. ಆದರೆ ತಿರುಳು ಸರಳ. ಮೊದಲು, ಈವರೆಗೆ ಏನು ಗೊತ್ತಿದೆ ಅಂತ ಒಪ್ಪಿಕೊಳ್ಳುವುದು. ಆಮೇಲೆ, ಗೊತ್ತಾಗಬೇಕಾದ್ದು ಏನು. ಕೊನೆಗೆ, ಅದರಲ್ಲಿ ಯಾವುದು ಮೊದಲು, ಯಾವ ದಾರಿಯಲ್ಲಿ. ಜಾಗ ಆಮೇಲೆ ಬರುತ್ತದೆ. ನಮ್ಮಲ್ಲಿ ಬಹಳ ಜನ ಜಾಗ ಹಿಡಿದು ಆಮೇಲೆ ಪ್ರಶ್ನೆ ಹುಡುಕುತ್ತಾರೆ.

ಚಿಕ್ಕ ಗುಂಡಿಯ ಬಲ ತೋರಿಸಲು ಒಂದು ಉದಾಹರಣೆ. ಬಹಳಷ್ಟು ಕಡೆ ವ್ಯಾಲಮ್ ನೇರ ಬಂದು, ಕೋಟೆ ಎದುರಾದಾಗ ಪಕ್ಕಕ್ಕೆ ಬಳಸಿಕೊಂಡು ಹೋಗುತ್ತದೆ. ಅಂದರೆ ವ್ಯಾಲಮ್ ತೋಡುವ ಹೊತ್ತಿಗೆ ಕೋಟೆಯ ಜಾಗ ಗೊತ್ತಾಗಿತ್ತು. ಆದರೆ ಕ್ಯಾರೊಬರ್ಗ್ ಎಂಬಲ್ಲಿ ಕೋಟೆ ಕೂತಿರುವುದೇ ಮುಚ್ಚಿದ ವ್ಯಾಲಮ್ ಮೇಲೆ. ಆದ್ದರಿಂದ ಆ ಕೋಟೆ ಆಮೇಲಿನದು. ಹೌಸ್‌ಸ್ಟೆಡ್ಸ್ ಕೋಟೆಯ ಒಳಗೆ ಅಗೆದಾಗ ಅಡಿಯಲ್ಲಿ ಒಂದು ಕಾವಲು ಗೋಪುರದ ಪಾಯ ಸಿಕ್ಕಿತು. ಚೆಸ್ಟರ್ಸ್ ಕೋಟೆಯ ಅಡಿಯಲ್ಲೂ ಅಷ್ಟೇ. ಮೊದಲ ನಕ್ಷೆಯಲ್ಲಿ ಗೋಡೆಯ ಮೇಲೆ ಕೋಟೆಗಳೇ ಇರಲಿಲ್ಲ, ನಡುವೆ ಮನಸ್ಸು ಬದಲಾಯಿತು ಅನ್ನುವುದು ಹೀಗೆ ಗೊತ್ತಾದದ್ದು. ಅಗಲವೂ ಹಾಗೇ. ಪಾಯ ಹಾಕಿದ್ದು 10 ಅಡಿ ಗೋಡೆಗೆ, ಮೇಲೆ ಕಟ್ಟಿದ್ದು ಎಷ್ಟೋ ಕಡೆ 8 ಅಡಿ ಅಥವಾ ಅದಕ್ಕೂ ಕಡಿಮೆ. ಸರ್ಕಾರಿ ಕಾಮಗಾರಿ ಆಗಲೂ ಹೀಗೇ ಇತ್ತು.

ಗಮನಿಸಿ, ಇವೆಲ್ಲ ಎರಡು ವಸ್ತುಗಳು ಒಂದನ್ನೊಂದು ಮುಟ್ಟುವ ಜಾಗಗಳು. ಯಾವುದು ಮೇಲೆ, ಯಾವುದು ಕೆಳಗೆ ಅಂತ ಮಣ್ಣೇ ಹೇಳುತ್ತದೆ. ಅಲ್ಲಿ ಎರಡು ಮಂಚದಗಲ ಸಾಕು.

ಟೈನ್ ದಂಡೆಯವನು

ಮೇಷ್ಟ್ರೇ, ಈಗ ಅರ್ಥವಾಯಿತು. ನಮ್ಮ ಗುಂಡಿ ಒಂದು ರಸ್ತೆ ಮತ್ತು ಒಂದು ಚರಂಡಿ ಕೂಡುವ ಮೂಲೆಯಲ್ಲಿತ್ತು. "ಇಂಥ ಮೂಲೆ ಯಾಕೆ ಕೊಟ್ಟರಪ್ಪ" ಅಂತ ಗೊಣಗಿಕೊಂಡಿದ್ದೆ.

ಹೋದ ವರ್ಷದ ನನ್ನ ಒಂದು ಘನಕಾರ್ಯ ಹೇಳಿಬಿಡುತ್ತೇನೆ. ಕಂದು ಮಣ್ಣು ಕೆರೆಯುವಾಗ ತುಕ್ಕು ಹಿಡಿದ ಕಬ್ಬಿಣದ ಮೊಳೆ ಸಿಕ್ಕಿತು. ಬಟಾಣಿ ಕಾಳಿನಷ್ಟು ತಲೆ. ಖುಷಿಯಲ್ಲಿ ಎತ್ತಿ ಚೀಲಕ್ಕೆ ಹಾಕಿದೆ. ಬೆರಳಗಲ ಆಚೆ ಇನ್ನೊಂದು. ಅದೂ ಚೀಲಕ್ಕೆ. ಹೀಗೆ ಏಳು. ಎಂಟನೆಯದಕ್ಕೆ ಕೈ ಹಾಕುವಾಗ ಮೇಲ್ವಿಚಾರಕಿ ಬಂದರು. ಬೈಯಲಿಲ್ಲ. "ಆ ಏಳೂ ಹೇಗೆ ಬಿದ್ದಿದ್ದವು, ತೋರಿಸು" ಅಂದರು ಅಷ್ಟೇ. ನನಗೆ ತೋರಿಸಲು ಆಗಲಿಲ್ಲ. ಅವು ಸೈನಿಕನ ಚಪ್ಪಲಿಯ ಅಟ್ಟೆಗೆ ಹೊಡೆದ ಮೊಳೆಗಳು. ತೊಗಲು ಕೊಳೆತು ಹೋದರೂ ಮೊಳೆ ಅಟ್ಟೆಯ ಆಕಾರದಲ್ಲೇ ಮಣ್ಣಲ್ಲಿ ನಿಂತಿರುತ್ತವಂತೆ. ಎಡಗಾಲೋ ಬಲಗಾಲೋ, ದೊಡ್ಡವರದೋ ಮಕ್ಕಳದೋ, ಆ ಸಾಲಿನಿಂದ ಹೇಳಬಹುದಿತ್ತು. ನನ್ನ ಚೀಲದಲ್ಲಿ ಉಳಿದದ್ದು ಏಳು ಮೊಳೆ. ಆ ದಿನ ಊಟ ಸೇರಲಿಲ್ಲ.

ಲೆಕ್ಕದ ಪುಸ್ತಕ

ಕಥೆ ಚೆನ್ನಾಗಿದೆ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಕಡಿಮೆ ಅಗೆಯಿರಿ, ಮುಂದಿನವರಿಗೆ ಬಿಡಿ" ಅನ್ನುವುದು ಬಹಳ ಸಭ್ಯವಾಗಿ ಕೇಳಿಸುತ್ತದೆ. ಮುಂದಿನವರ ಕಾಲಕ್ಕೆ ಅದು ಅಲ್ಲಿ ಉಳಿದಿರುತ್ತದೆ ಅಂತ ಗ್ಯಾರಂಟಿ ಯಾರು ಕೊಟ್ಟರು? 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ಎದ್ದ ದಂಗೆ ಆದಮೇಲೆ ಸೈನ್ಯ ಓಡಾಡಲು ರಸ್ತೆ ಬೇಕು ಅಂತ ಮೈಲಿಗಟ್ಟಲೆ ಗೋಡೆ ಕೆಡವಿ ಅದರ ಮೇಲೇ ರಸ್ತೆ ಹಾಕಿದರು. ರೈತರು ಕಲ್ಲು ಕೊಂಡುಹೋಗಿ ಕೊಟ್ಟಿಗೆ ಕಟ್ಟಿದರು. ಕಾಯುವುದಕ್ಕೂ ಖರ್ಚಿದೆ ಸ್ವಾಮಿ.

ನಿವೃತ್ತ ಮೇಷ್ಟ್ರು

ಆತುರಕ್ಕೂ ಖರ್ಚಿದೆ. ಜಾನ್ ಕ್ಲೇಟನ್ ಅಂತ ಒಬ್ಬರಿದ್ದರು, 1792ರಿಂದ 1890ರವರೆಗೆ ಬದುಕಿದವರು. ನ್ಯೂಕ್ಯಾಸಲ್ ನಗರದ ಟೌನ್ ಕ್ಲರ್ಕ್. ಗೋಡೆ ಹಾದುಹೋಗುವ ಜಮೀನುಗಳನ್ನು ಒಂದೊಂದಾಗಿ ಕೊಂಡು ಕಲ್ಲು ಕದಿಯುವುದನ್ನು ನಿಲ್ಲಿಸಿದರು. ಆ ಪುಣ್ಯಾತ್ಮ ಇಲ್ಲದಿದ್ದರೆ ಇವತ್ತು ನೋಡಲು ಅರ್ಧವೂ ಇರುತ್ತಿರಲಿಲ್ಲ. ಆದರೆ ಅವರ ಕಾಲದ ಅಗೆತ ಹೇಗಿತ್ತು? ಕಲ್ಲುಗೋಡೆ ಸಿಕ್ಕರೆ ಅದರ ಬೆನ್ನು ಹತ್ತಿ ಹೋಗುವುದು. ಮೇಲಿನ ಮಣ್ಣು ಕಸ ಅಂತ ಎಸೆಯುವುದು. ರೋಮನ್ನರು ಹೋದಮೇಲೆ ಅಲ್ಲಿ ಏನಾಯಿತು ಅನ್ನುವುದೆಲ್ಲ ಇದ್ದದ್ದು ಆ ಕಸದಲ್ಲೇ.

ಗೋಡೆಯ ಮೇಲಿನ ಇನ್ನೊಂದು ಕೋಟೆ ಬರ್ಡೊಸ್ವಾಲ್ಡ್‌ನಲ್ಲಿ 1987ರಿಂದ 1992ರವರೆಗೆ ಟೋನಿ ವಿಲ್ಮಾಟ್ ತಂಡ ನಿಧಾನವಾಗಿ ಅಗೆಯಿತು. ಕೋಟೆಯ ಕಣಜ ಒಂದು ಕುಸಿದಿತ್ತು. ಕುಸಿದ ಜಾಗದ ಮೇಲೆ ದೊಡ್ಡ ಮರದ ಮನೆ ಎದ್ದಿದ್ದ ಗುರುತು ಸಿಕ್ಕಿತು. ಕ್ರಿ.ಶ. 410ರ ಸುಮಾರಿಗೆ ರೋಮ್ ಕೈಬಿಟ್ಟ ಮೇಲೂ ಜನ ಕೋಟೆ ಬಿಟ್ಟು ಓಡಿರಲಿಲ್ಲ, ಅಲ್ಲೇ ಯಾರೋ ಮುಖಂಡನ ಹಿಂದೆ ಬದುಕಿದ್ದರು ಅನ್ನುವ ಮಾತಿಗೆ ಬಲ ಬಂದದ್ದು ಆಮೇಲೆ. ಕಂಬ ನಿಲ್ಲಿಸಲು ಹಾಸಿದ ಚಪ್ಪಡಿಗಳಂಥ ಗುರುತುಗಳೇ ಸಾಕ್ಷಿ. ಬೇರೆ ಕೋಟೆಗಳಲ್ಲಿ ಇಂಥ ಚಪ್ಪಡಿ ಎಷ್ಟು ಎಸೆದರೋ ದೇವರೇ ಬಲ್ಲ.

ಮಣ್ಣಿನ ವಾಸನೆ

ಇಬ್ಬರೂ ಸರಿ ಅನ್ನುವ ಜಾಗ ಒಂದಿದೆ.

ವಿಂಡೊಲಾಂಡ ಗೊತ್ತಲ್ಲ, ಗೋಡೆಗೆ ಸ್ವಲ್ಪ ದಕ್ಷಿಣಕ್ಕಿರುವ ಕೋಟೆ. ಗೋಡೆಗಿಂತ ಹಳೆಯದು. ಅಲ್ಲಿ ಹಳೆಯ ಮರದ ಕೋಟೆಗಳ ಮೇಲೆ ಜೇಡಿ, ಹುಲ್ಲುಹೆಂಟೆ ಹಾಕಿ ಹೊಸ ಕೋಟೆ ಕಟ್ಟಿದರು. ಗಾಳಿ ಆಡದೆ, ನೀರು ತುಂಬಿ, ಒಳಗಿದ್ದದ್ದು ಕೊಳೆಯಲೇ ಇಲ್ಲ. ಅಂಥ ಪದರ ಒಮ್ಮೆ ನೋಡಿದರೆ ಮರೆಯಲಾಗದು. ಕಪ್ಪು ಮಣ್ಣು, ಕೊಳೆತ ಮೊಟ್ಟೆಯ ನಾತ. ಮರದ ಚೂರು ಹೊರಬಂದಾಗ ನಿನ್ನೆ ಸೀಳಿದ ಹಾಗೆ ಹಳದಿಯಾಗಿರುತ್ತದೆ. ನೀವು ಕ್ಯಾಮೆರಾ ತರುವಷ್ಟರಲ್ಲಿ ಕಪ್ಪಾಗುತ್ತದೆ. 1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿ ಅಲ್ಲೇ ತೆಳ್ಳನೆ ಮರದ ಹಾಳೆಗಳನ್ನು ಕಂಡದ್ದು, ಶಾಯಿಯಲ್ಲಿ ಬರೆದ ಪತ್ರಗಳು. ಕ್ಲಾಡಿಯಾ ಸೆವೆರಾ ಎಂಬ ಹೆಂಗಸು ಗೆಳತಿ ಸುಲ್ಪಿಸಿಯಾ ಲೆಪಿಡಿನಾಳನ್ನು ಹುಟ್ಟುಹಬ್ಬಕ್ಕೆ ಕರೆದದ್ದೂ ಅದರಲ್ಲಿದೆ. ಚಪ್ಪಲಿ, ಬೂಟುಗಳೇ 5,000ಕ್ಕೂ ಜಾಸ್ತಿ ಸಿಕ್ಕಿವೆ.

ಈಗ ತೊಂದರೆ. ಪಶ್ಚಿಮಕ್ಕೆ ಕೆಲವೇ ಮೈಲಿ ದೂರದಲ್ಲಿ ಮ್ಯಾಗ್ನಾ ಎಂಬ ಕೋಟೆಯಿದೆ, ಕಾರ್ವೊರನ್ ಅಂತಲೂ ಕರೆಯುತ್ತಾರೆ. ಅದರ ಪಕ್ಕದ ಜೌಗು ನೆಲ ಒಣಗುತ್ತಿದೆ. ಬೇಸಿಗೆ ಬಿರುಸಾಗುತ್ತಿದೆ, ನೆಲ ಬಿರಿದು ಗಾಳಿ ಒಳಗೆ ಹೋಗುತ್ತಿದೆ. ಗಾಳಿ ಹೋದರೆ ಮರ, ತೊಗಲು, ಪತ್ರ ಎಲ್ಲ ಕೆಲವೇ ವರ್ಷದಲ್ಲಿ ಮುಗಿಯಿತು. ಮೊದಲು ನೆಲಕ್ಕೆ ಕೊಳವೆ ಇಳಿಸಿ ನೀರಿನ ಮಟ್ಟ, ತೇವ ಎಲ್ಲ ಅಳೆದರು. ಆಮೇಲೆ 2023ರಲ್ಲಿ ಐದು ವರ್ಷದ ಉತ್ಖನನ ಶುರು ಮಾಡಿದರು. 2025ರಲ್ಲಿ ಕಂದಕದಿಂದ 32 ಸೆಂಟಿಮೀಟರ್ ಉದ್ದದ ಚಪ್ಪಲಿ ಅಟ್ಟೆ ಎದ್ದು ಬಂತು. ಇಷ್ಟು ದೊಡ್ಡ ಕಾಲಿನವನು ಯಾರಪ್ಪ ಅಂತ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ.

ಹಾಗಾಗಿ ನನ್ನ ಮಟ್ಟಿಗೆ ಯೋಜನೆ ಅಂದರೆ ಸರದಿ ಹಾಕುವುದು. ಒಣ ನೆಲದಲ್ಲಿ ಕೂತ ಕಲ್ಲು ಇನ್ನೂ ನೂರು ವರ್ಷ ಕಾಯುತ್ತದೆ. ಜೌಗಿನ ಚಪ್ಪಲಿ ಕಾಯುವುದಿಲ್ಲ.

ಲೆಕ್ಕದ ಪುಸ್ತಕ

ಇದನ್ನೇ ಅಕ್ಕಾ ನಾನು ಹೇಳಿದ್ದು! ಹಾಗಿದ್ದರೆ ದುಡ್ಡೆಲ್ಲ ಅಲ್ಲಿಗೇ ಸುರಿಯಲಿ.

ಮಣ್ಣಿನ ವಾಸನೆ

ಸುರಿಯಬಹುದು. ಆದರೆ ಒದ್ದೆ ತೊಗಲನ್ನು ಹೊರತೆಗೆದ ದಿನ ಖರ್ಚು ಮುಗಿಯುವುದಿಲ್ಲ, ಶುರುವಾಗುತ್ತದೆ. ಅದನ್ನು ನೀರಲ್ಲಿಡಬೇಕು, ಮೇಣದಂಥ ದ್ರಾವಣದಲ್ಲಿ ನೆನೆಸಬೇಕು, ಶೀತದಲ್ಲಿ ಒಣಗಿಸಬೇಕು. ಮೂಳೆ ನೋಡುವವರು ಬೇರೆ, ಬೀಜ ನೋಡುವವರು ಬೇರೆ, ಮರ ವರ್ಷಕ್ಕೊಂದರಂತೆ ಕಟ್ಟುವ ಉಂಗುರ ಎಣಿಸುವವರು ಬೇರೆ. ಕೊನೆಗೆ ವರದಿ ಬರೆಯಬೇಕು. ವರದಿ ಬರೆಯದೆ ಹೋದ ಉತ್ಖನನ ನಿಮ್ಮ ಟೈನ್ ದಂಡೆಯವರ ಮೊಳೆ ಚೀಲದ ಹಾಗೆ.

ಉಂಗುರ ಅಂದೆನಲ್ಲ, ಅದೂ ಯೋಜನೆಯಲ್ಲಿ ಮುಂಚೆಯೇ ಬರೆದಿರಬೇಕು. ಕಾರ್ಬನ್ ಪರೀಕ್ಷೆ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ಹತ್ತಾರು ವರ್ಷ ಹಿಂದೆ ಮುಂದೆ ಆಗುತ್ತದೆ. ನಮಗೆ ಬೇಕಿರುವುದು 122ಕ್ಕೂ 130ಕ್ಕೂ ಇರುವ ವ್ಯತ್ಯಾಸ. ಮರದ ಉಂಗುರವಾದರೆ ಕಡಿದ ಕಾಲವನ್ನೇ ಹೇಳಬಹುದು. ಕಾರ್ಲೈಲ್‌ನ ಮೊದಲ ಕೋಟೆಯ ಮರ ಕ್ರಿ.ಶ. 72-73ರ ಚಳಿಗಾಲದಲ್ಲಿ ಕಡಿದದ್ದು ಅಂತ ಗೊತ್ತಾದದ್ದು ಹಾಗೆ. ಆದ್ದರಿಂದ ಒದ್ದೆ ಮರ ಸಿಗುವ ಜಾಗಕ್ಕೆ ಬೆಲೆ ಜಾಸ್ತಿ.

ಸುಮ್ನೆ ಓದುವವಳು

ಇಷ್ಟು ದಿನ ಬರೀ ಓದುತ್ತಿದ್ದೆ, ಇವತ್ತು ಕೇಳಿಬಿಡೋಣ ಅನ್ನಿಸಿತು. ಅಗೆಯದೆ ನೋಡುವ ಯಂತ್ರಗಳಿವೆಯಲ್ಲ, ಎಲ್ಲ ಕಡೆ ಅದನ್ನೇ ಓಡಿಸಿದರೆ ಆಗದೇ? ನಾನು ಮೈಸೂರಿನಲ್ಲಿದ್ದೇನೆ. ಇಲ್ಲಿಂದ ಏನಾದರೂ ನೋಡಲು ಸಿಗುತ್ತದೆಯೇ?

ಟೈನ್ ದಂಡೆಯವನು

ಸಿಗುತ್ತದೆ ಮೇಡಂ, ಅದೂ ಪುಕ್ಕಟೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆಯುವ ಲೈಡಾರ್ ಮಾಹಿತಿಯನ್ನು ಇಂಗ್ಲೆಂಡಿನ ಪರಿಸರ ಇಲಾಖೆ ಬಹಿರಂಗವಾಗಿ ಇಟ್ಟಿದೆ. ಹೌಸ್‌ಸ್ಟೆಡ್ಸ್ ಹತ್ತಿರ ತೆಗೆದು ನೋಡಿ. ಬಂಡೆಯ ಅಂಚಿನಲ್ಲಿ ಗೋಡೆ ಹಾವಿನ ಹಾಗೆ ಹೋಗುತ್ತದೆ. ಕೆಳಗೆ ವ್ಯಾಲಮ್ ಮಾತ್ರ ಹಗ್ಗ ಹಿಡಿದು ಗೀಟು ಹಾಕಿದ ಹಾಗೆ ನೇರ. ನಾನು ಒಂದು ರಾತ್ರಿ ಪೂರ್ತಿ ಅದನ್ನೇ ನೋಡಿಕೊಂಡು ಕೂತಿದ್ದೆ.

ಯಂತ್ರದ ಬಗ್ಗೆ ಅಕ್ಕ ಹೇಳಬೇಕು.

ಮಣ್ಣಿನ ವಾಸನೆ

ಎಲ್ಲ ಯಂತ್ರ ಎಲ್ಲ ಕಡೆ ಓಡುವುದಿಲ್ಲ. ನೆಲದ ಕಾಂತಗುಣ ಅಳೆಯುವ ಯಂತ್ರ ಬಹಳ ಚುರುಕು, ಒಲೆ, ಸುಟ್ಟ ಮಣ್ಣು, ಮುಚ್ಚಿದ ಕಂದಕ ಎಲ್ಲ ತೋರಿಸುತ್ತದೆ. ಆದರೆ ಗೋಡೆಯ ನಡುಭಾಗ ಕೂತಿರುವುದು ವಿನ್ ಸಿಲ್ ಎಂಬ ಕಪ್ಪು ಅಗ್ನಿಶಿಲೆಯ ಮೇಲೆ. ಆ ಕಲ್ಲಿಗೇ ಕಾಂತಗುಣ. ಯಂತ್ರಕ್ಕೆ ಕಿವಿ ಕಿವುಡಾದ ಹಾಗೆ. ಅಲ್ಲಿ ನೆಲಕ್ಕೆ ಸಣ್ಣ ವಿದ್ಯುತ್ ಬಿಟ್ಟು ತಡೆ ಅಳೆಯುವ ವಿಧಾನ ವಾಸಿ. ಅದಕ್ಕೂ ನೆಲದ ತೇವ ಹದವಾಗಿರಬೇಕು. ಇನ್ನೊಂದು, ಸಂರಕ್ಷಿತ ಜಾಗದಲ್ಲಿ ಅಗೆಯುವುದಿರಲಿ, ಈ ಯಂತ್ರ ಹಿಡಿದು ನಡೆಯಲೂ ಹಳೆಯ ಸ್ಮಾರಕಗಳನ್ನು ಕಾಯುವ 1979ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಟೈನ್ ದಂಡೆಯವರು ಗೊಣಗಿದ ಕಾಗದಪತ್ರದಲ್ಲಿ ಅದೂ ಸೇರಿದೆ. ರಾತ್ರಿ ಲೋಹಶೋಧಕ ಹಿಡಿದು ನಾಣ್ಯ ಕದಿಯುವವರ ಕಾಟ ನೋಡಿದರೆ ಆ ಕಾಯ್ದೆ ಬೇಕೇ ಬೇಕು.

ಕೋಟೆನಾಡಿನ ಹುಡುಗ

ಈಗ ನನಗೆ ಆಸಕ್ತಿ ಬಂತು. ನಮ್ಮೂರು ಚಿತ್ರದುರ್ಗ. ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ ಅಂತ ಸ್ಕೂಲಲ್ಲಿ ಓದಿದ್ದು. ಆ ರೋಮಿಗೂ ಈ ಗೋಡೆಗೂ ಏನಾದರೂ ನಂಟಿದೆಯೇ, ಇಲ್ಲ ಸುಮ್ನೆ ಹೆಸರೊಂದೇನಾ?

ನಿವೃತ್ತ ಮೇಷ್ಟ್ರು

ನಂಟು ಇದೆ ಮರಿ, ಅದೂ ಎರಡು. ಮೊದಲನೆಯದು ಅಡುಗೆಮನೆಯದು. ವಿಂಡೊಲಾಂಡದ ಒಂದು ಮರದ ಹಾಳೆಯಲ್ಲಿ ಸೈನಿಕರ ಖರೀದಿ ಲೆಕ್ಕವಿದೆ. ಗ್ಯಾಂಬ್ಯಾಕ್ಸ್ ಎಂಬವನ ಹೆಸರಿನ ಮುಂದೆ ಎರಡು ದಿನಾರಿಯಸ್ಸಿಗೆ, ಅಂದರೆ ಎರಡು ರೋಮನ್ ಬೆಳ್ಳಿ ನಾಣ್ಯಕ್ಕೆ, ಮೆಣಸು ಅಂತಿದೆ. ನಮ್ಮ ಕರಿಮೆಣಸು. ಆಗ ಅದು ಹಡಗು ಹತ್ತುತ್ತಿದ್ದದ್ದು ಮಲಬಾರ್ ಕರಾವಳಿಯಲ್ಲಿ. ಮಳೆಯಲ್ಲಿ ನೆಂದು ಬಂದವನಿಗೆ ಬಿಸಿ ಸಾರು ಬೇಕಾಗಿತ್ತೇನೋ.

ಎರಡನೆಯದು ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞ. ಬ್ರಿಟನ್ನಿನ ರೋಮನ್ ಜಾಗಗಳಲ್ಲಿ ಅಗೆದು ಕೈ ಪಳಗಿಸಿಕೊಂಡವರು. 1947ರಲ್ಲಿ ನಿಮ್ಮ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಅಗೆದರು. ನಮ್ಮ ದಖ್ಖನ್ನಿನ ಮಣ್ಣಿನ ಪದರಗಳಿಗೆ ಅಲ್ಲಿಯವರೆಗೆ ನೆಚ್ಚಬಹುದಾದ ತಾರೀಖು ಇರಲಿಲ್ಲ. ರೋಮ್ ನಾಣ್ಯ, ರೋಮ್ ವ್ಯಾಪಾರದ ಕಾಲದ ಮಡಕೆ ಚೂರು ಯಾವ ಪದರದಲ್ಲಿವೆ ಅಂತ ನೋಡಿ ಮೇಲಿನದು ಇಷ್ಟು, ಕೆಳಗಿನದು ಇಷ್ಟು ಅಂತ ಲೆಕ್ಕ ಕಟ್ಟಿದರು. ಪ್ರಶ್ನೆ ಮೊದಲು, ಗುಂಡಿ ಆಮೇಲೆ ಅನ್ನುವುದಕ್ಕೆ ನಿಮ್ಮೂರೇ ಉದಾಹರಣೆ.

ಕೋಟೆನಾಡಿನ ಹುಡುಗ

ಮೆಣಸು! ಇದನ್ನು ನಮ್ಮ ಅಜ್ಜಿಗೆ ಹೇಳಲೇಬೇಕು.

ಮಣ್ಣಿನ ವಾಸನೆ

ಮೇಷ್ಟ್ರು ಹೇಳಿದ್ದೆಲ್ಲ ಸರಿ. ನನ್ನದು ಒಂದೇ ತಕರಾರು. ನಾವು ಇಲ್ಲಿ ಮಾತಾಡಿದ್ದೆಲ್ಲ ಕೋಟೆ, ಸೈನಿಕ, ಸೈನಿಕನ ಚಪ್ಪಲಿ. ಗೋಡೆ ಬರುವ ಮುಂಚೆ ಅಲ್ಲಿದ್ದವರು ಯಾರು? ಗೋಡೆಯ ಅಡಿಯಲ್ಲಿ ಹಲವು ಕಡೆ ನೇಗಿಲ ಗೆರೆಗಳು ಸಿಕ್ಕಿವೆ. ಅಂದರೆ ಯಾರದೋ ಹೊಲದ ಮೇಲೆ ಹಗ್ಗ ಹಿಡಿದು ಗೋಡೆ ಎಳೆದರು. ಉತ್ತರಕ್ಕೆ, ನಾರ್ಥಂಬರ್‌ಲ್ಯಾಂಡಿನ ಕರಾವಳಿ ಬಯಲಿನಲ್ಲಿ ಕಲ್ಲಿದ್ದಲು ಗಣಿಗಾಗಿ ನೆಲ ತೆರೆಯುವ ಮುಂಚೆ ದೊಡ್ಡ ದೊಡ್ಡ ಜಾಗ ಅಗೆದು ನೋಡಿದರು. ಕಬ್ಬಿಣ ಯುಗದಿಂದ ಬಾಳಿಕೊಂಡು ಬಂದ ತುಂಬಿದ ಹಟ್ಟಿಗಳು ಸಿಕ್ಕಿದವು. ಅವುಗಳಲ್ಲಿ ಬಹಳಷ್ಟು ಗೋಡೆ ಎದ್ದ ಸುಮಾರಿಗೆ ಪಾಳು ಬಿದ್ದ ಹಾಗೆ ಕಾಣುತ್ತದೆ. ಯಾವ ಕೋಟೆಯೊಳಗೆ ಎಷ್ಟು ಅಗೆದರೂ ಈ ವಿಷಯ ಸಿಗುತ್ತಿರಲಿಲ್ಲ.

ನನ್ನ ಕೈಗೆ ದುಡ್ಡು ಕೊಟ್ಟರೆ ಅರ್ಧ ಜೌಗಿಗೆ, ಅರ್ಧ ಆ ಹಟ್ಟಿಗಳಿಗೆ. ಕೋಟೆ ಬಾಗಿಲಿಗೆ ಒಂದು ಕಾಸೂ ಇಲ್ಲ.

ಲೆಕ್ಕದ ಪುಸ್ತಕ

ಕೋಟೆ ಬಾಗಿಲು ನೋಡಲು ಬರುವವರ ಟಿಕೆಟ್ ದುಡ್ಡಿನಲ್ಲೇ ಎಷ್ಟೋ ಕೆಲಸ ನಡೆಯುವುದು ಅಕ್ಕಾ. ಹೊಲದ ನೇಗಿಲ ಗೆರೆ ನೋಡಲು ಟಿಕೆಟ್ ಯಾರು ಕೊಳ್ಳುತ್ತಾರೆ?

ಮಣ್ಣಿನ ವಾಸನೆ

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಹುಶಃ ಗಣಿ, ರಸ್ತೆ, ಪೈಪು ಹಾಕುವವರಿಂದಲೇ ಆ ಕೆಲಸ ಆಗಬೇಕು. 2021ರಲ್ಲಿ ನ್ಯೂಕ್ಯಾಸಲ್ ನಗರದೊಳಗೆ ನೀರಿನ ಪೈಪು ಬದಲಿಸುವಾಗ ರಸ್ತೆಯಿಂದ ಅರ್ಧ ಮೀಟರ್ ಕೆಳಗೇ ಗೋಡೆಯ 3 ಮೀಟರ್ ಸಿಕ್ಕಿತು. ಯಾವ ಚೌಕಟ್ಟಿನಲ್ಲೂ ಆ ಜಾಗ ಇದ್ದಿರಲಾರದು. ಪೈಪನ್ನು ಬಳಸಿ ಹಾಕಿದರು. ಇಂಥದ್ದು ಎದುರಾದಾಗ ಆ ಒಂದು ವಾರದಲ್ಲಿ ಏನು ಕೇಳಬೇಕು ಅಂತ ಮುಂಚೆಯೇ ಬರೆದಿಟ್ಟುಕೊಂಡಿರಬೇಕು.

ಟೈನ್ ದಂಡೆಯವನು

ಆ ರಸ್ತೆಯಲ್ಲಿ ನಾನು ತರಕಾರಿಗೆ ಹೋಗುತ್ತೇನೆ ಅಕ್ಕಾ! ಈಗ ಅಲ್ಲಿ ಏನೂ ಕಾಣುವುದಿಲ್ಲ, ಬರೀ ಡಾಂಬರು.

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರದಿಂದ ಮತ್ತೆ ಎರಡು ವಾರ ಗುಂಡಿಗೆ ಇಳಿಯುತ್ತೇನೆ. ಗೋಡೆಯುದ್ದಕ್ಕೂ ಬೇಸಿಗೆಯಲ್ಲಿ ಓಡುವ ಬಸ್ಸಿನ ನಂಬರ್ ಏನು ಗೊತ್ತಾ? ಎಡಿ 122, ಅಂದರೆ ಕ್ರಿ.ಶ. 122! ಬೆಳಗ್ಗೆ ಅದನ್ನೇ ಹಿಡಿಯಬೇಕು. ಮೊಳೆ ಸಿಕ್ಕರೆ ಮೊದಲು ಫೋಟೋ, ಅಳತೆ, ಆಮೇಲೆ ಕೈ. ಈ ಸಲದ ಗುಂಡಿ ಯಾವ ಪ್ರಶ್ನೆಗೆ ಅಂತ ಮೊದಲ ದಿನವೇ ಕೇಳಿ ಇಲ್ಲಿ ಬರೆಯುತ್ತೇನೆ.